ಮೂರು ಮೊನೆಯ ಕಲ್ಲು ಮತ್ತು ಪೆಂಡಲ್ ಹಿಲ್ ಕುಂಕುಮ

ನಮ್ಮ ಕಸುಬಿಗೆ ಬರಬೇಕೆಂದಿರುವ ಹುಡುಗ ಹುಡುಗಿಯರು ಆಗಾಗ ಮೆಲ್ಬರ್ನ್ ಹೊರವಲಯದ ಪಾಯಿಂಟ್ ಕುಕ್‌ನ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕೈಗೆ ಬರುವ ಮೊದಲೇ ಅವರು ಕೇಳುವ ಪ್ರಶ್ನೆ ಒಂದೇ: ‘ಆಂಟಿ, ಈಜಿಪ್ಟಿನ ಮಮ್ಮಿ ಮುಟ್ಟಿದ್ದೀರಾ?’ ಇಲ್ಲ. ಕೆಲಸದಲ್ಲಿದ್ದಷ್ಟು ಕಾಲವೂ ನಾನು ಹೆಚ್ಚಾಗಿ ಮುಟ್ಟಿದ್ದು ಧೂಳು. ಅದನ್ನೂ ಗ್ಲೌಸ್ ಹಾಕಿಕೊಂಡೇ ಮುಟ್ಟಿದ್ದು. ತುಮಕೂರಿನಲ್ಲಿ ಕೆಮಿಸ್ಟ್ರಿ ಓದಿ, ಮದುವೆಯಾಗಿ ಸಿಡ್ನಿಗೆ ಬಂದು, ಇಲ್ಲಿ ಮತ್ತೆ ಓದಿ, ಮ್ಯೂಸಿಯಂ ವಸ್ತುಗಳು ಹಾಳಾಗದಂತೆ ನೋಡಿಕೊಳ್ಳುವ ಕೆಲಸ ಹಿಡಿದಾಗ ನಮ್ಮಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ಅಷ್ಟು ದೂರ ಹೋಗಿ ಧೂಳು ಒರೆಸೋ ಕೆಲ್ಸಾನಾ? ನಮ್ಮ ಶೋಕೇಸಲ್ಲೇ ಬೇಕಾದಷ್ಟಿತ್ತಲ್ಲೇ.’

ಅಮ್ಮ ತಪ್ಪು ತಿಳಿದುಕೊಂಡಿರಲಿಲ್ಲ. ಆದರೆ ಒರೆಸುವುದು ಸುಲಭ, ಒರೆಸದೆ ಇರುವುದು ಕಷ್ಟ. ನನಗಿಂತ ಹಿಂದಿನವರ ಕಾಲದಲ್ಲಿ ಮ್ಯೂಸಿಯಂಗೆ ಏನೇ ಬಂದರೂ ಮೊದಲು ತೊಳೆದು, ಆಮೇಲೆ ವಾರ್ನಿಷ್ ಬಳಿದು, ಮದುವೆ ಮನೆಯ ಕುರ್ಚಿಯ ಹಾಗೆ ಹೊಳೆಯಿಸಿ ಇಡುತ್ತಿದ್ದರು. ನನ್ನ ಅರ್ಧ ವೃತ್ತಿ ಅವರು ಬಳಿದದ್ದನ್ನು ತೆಗೆಯುವುದರಲ್ಲಿ ಹೋಯಿತು. ಈಗಿನ ಪದ್ಧತಿಯಲ್ಲಿ ವಸ್ತುವಿನ ಮುಂದೆ ಕೂತು, ನೋಡಿ, ಫೋಟೋ ತೆಗೆದು, ಮತ್ತೆ ನೋಡಿ, ಏನೂ ಮಾಡದೆ ಎದ್ದು ಬರಬೇಕು. ಇದಕ್ಕೆ ಸಂಬಳ ಕೊಡುತ್ತಾರೆ ಎಂದರೆ ನಮ್ಮ ಯಜಮಾನರು ಇವತ್ತಿಗೂ ನಂಬುವುದಿಲ್ಲ.

ಸಿಡ್ನಿಯಲ್ಲಿದ್ದಾಗ ನನಗೊಂದು ಹೆಸರು ಬಂತು. ಅದು ಮುಂದೆ ನನ್ನ ಬೆನ್ನು ಬಿಡಲಿಲ್ಲವಾದ್ದರಿಂದ ಹೇಳಲೇಬೇಕು. ನಾವಿದ್ದದ್ದು ಅಲ್ಲಿನ ಬಡಾವಣೆ ಪೆಂಡಲ್ ಹಿಲ್‌ನಲ್ಲಿ. ಬೆಳಿಗ್ಗೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಇಂಡಿಯನ್ ಅಂಗಡಿ ತೆರೆದಿದ್ದರೆ ಫ್ರೋಜನ್ ಕಾಯಿತುರಿ ಕೊಂಡುಬಿಡುತ್ತಿದ್ದೆ. ಸಂಜೆ ಬರುವಷ್ಟರಲ್ಲಿ ಖಾಲಿಯಾಗಿರುತ್ತಿತ್ತು. ಕೊಂಡದ್ದನ್ನು ಸಂಜೆವರೆಗೆ ಎಲ್ಲಿಡುವುದು? ಲ್ಯಾಬಿನಲ್ಲಿ ದೊಡ್ಡ ಫ್ರೀಜರ್ ಇತ್ತು. ಬುಟ್ಟಿ, ಟೋಪಿ, ಚಾಪೆಗಳಲ್ಲಿ ಹುಳು ಸೇರಿದ್ದರೆ ಅವನ್ನು ಅದರಲ್ಲಿಟ್ಟು ಹುಳು ಕೊಲ್ಲುವುದು ಕ್ರಮ. ಒಂದು ದಿನ ನನ್ನ ಪ್ಯಾಕೆಟ್ ಒಡೆದು, ತುರಿಯೆಲ್ಲ ಒಂದು ಹುಲ್ಲಿನ ಟೋಪಿಯ ಮೇಲೆ ಚೆಲ್ಲಿತು. ನಾನು ಮೀಟಿಂಗ್‌ನಲ್ಲಿದ್ದೆ. ಹೊರಗೆ ಬರುವಷ್ಟರಲ್ಲಿ ಬಿಳಿಯ ಮರಿಹುಳು ಕಂಡವೆಂದು ಗ್ಯಾಲರಿ ಮುಚ್ಚಿ, ಕೀಟತಜ್ಞನನ್ನು ಕರೆಸಿದ್ದರು. ಅವನು ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿ, ಈ ಜಾತಿ ತನಗೆ ಹೊಸದು ಎಂದುಬಿಟ್ಟಿದ್ದ. ನಾನು ಒಂದು ಹುಳುವನ್ನು ಎತ್ತಿ ಬಾಯಿಗೆ ಹಾಕಿಕೊಂಡ ಮೇಲೆ ವಿಷಯ ಸ್ಪಷ್ಟವಾಯಿತು. ಆವತ್ತಿನಿಂದ ನಾನು ಕಾಯಿತುರಿ ವಸು.

ಮೆಲ್ಬರ್ನ್‌ಗೆ ಬಂದು ಹೊಸ ಲ್ಯಾಬ್ ಸೇರಿದಾಗ ಆ ಹೆಸರು ನನಗಿಂತ ಮೊದಲೇ ಬಂದು ಕೂತಿತ್ತು. ಇಲ್ಲಿನ ಮುಖ್ಯಸ್ಥ ನೈಜೆಲ್ ಮೊದಲನೇ ದಿನವೇ ನನ್ನನ್ನು ಕರೆದುಕೊಂಡು ಹೋಗಿ ಫ್ರೀಜರ್ ತೋರಿಸಿ, ‘ಇದು ಅಡುಗೆಮನೆ ಅಲ್ಲ’ ಎಂದ. ಒಳ್ಳೆಯ ಮನುಷ್ಯ. ಆದರೆ ಅವನಷ್ಟು ಗ್ಲೌಸ್ ಪ್ರೀತಿಸಿದ ಪ್ರಾಣಿಯನ್ನು ನಾನು ಬೇರೆ ಕಂಡಿಲ್ಲ. ವಸ್ತು ಮುಟ್ಟಲು ಗ್ಲೌಸ್, ಪೆಟ್ಟಿಗೆ ಮುಟ್ಟಲು ಗ್ಲೌಸ್, ಊಟದ ಹೊತ್ತಿಗೆ ಬಾಳೆಹಣ್ಣು ಸುಲಿಯಲೂ ಗ್ಲೌಸ್. ಹುಟ್ಟಿದಾಗ ತನ್ನನ್ನು ಎತ್ತಿಕೊಂಡ ನರ್ಸ್ ಗ್ಲೌಸ್ ಹಾಕಿದ್ದಳೋ ಇಲ್ಲವೋ ಎಂಬ ಚಿಂತೆ ಅವನಿಗೆ ಈಗಲೂ ಇರಬೇಕು.

ಲ್ಯಾಬಿನಲ್ಲಿ ಇನ್ನೊಬ್ಬ ಕನ್ನಡಿಗನಿದ್ದ. ಪ್ರದೀಪ, ನಮ್ಮ ಮನೆಯಿಂದ ಆಚೆಯ ಬಡಾವಣೆ ವಿಂಡಮ್ ವೇಲ್‌ನವನು. ಕಂಪ್ಯೂಟರು, ಫೋಟೋ ದಾಖಲೆ ಎಲ್ಲ ಅವನದು. ಮಾರ್ಟ್‌ಗೇಜು, ಬೊಜ್ಜು, ಬಿಳಿಯ ಮೀಸೆ ಎಲ್ಲ ಇದ್ದೂ ನನ್ನನ್ನು ಆಂಟಿ ಎನ್ನುತ್ತಿದ್ದ. ‘ನಿನಗೂ ನನಗೂ ಎಷ್ಟು ವರ್ಷ ವ್ಯತ್ಯಾಸ ಇದೆಯೋ?’ ಎಂದು ಕೇಳಿದರೆ, ‘ರೆಸ್ಪೆಕ್ಟ್ ಆಂಟಿ, ರೆಸ್ಪೆಕ್ಟ್’ ಎನ್ನುತ್ತಿದ್ದ. ಅವನ ಬಾಯಿಂದ ಕೇಳಿ ನೈಜೆಲ್ ಕೂಡ, ಅದು ನನ್ನ ಹುದ್ದೆಯ ಹೆಸರಿರಬೇಕೆಂದು, ಒಂದು ಮೀಟಿಂಗಿನಲ್ಲಿ ‘ನಮ್ಮ ಹಿರಿಯ ಆಂಟಿ’ ಎಂದು ಪರಿಚಯಿಸಿದ.

ನನ್ನ ನಿವೃತ್ತಿಗೆ ಮುಂಚಿನ ವರ್ಷ ಬಂದದ್ದು ಕೆರಿಬಿಯನ್ ಕೆಲಸ. ಮೆಲ್ಬರ್ನ್‌ನ ಒಬ್ಬ ಹಲ್ಲಿನ ಡಾಕ್ಟರು ಹರೆಯದಲ್ಲಿ ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದಲ್ಲಿ ಕೆಲಸ ಮಾಡಿ, ಬರುವಾಗ ಅಲ್ಲಿನ ಹಳೆಯ ವಸ್ತುಗಳನ್ನು ಪೆಟ್ಟಿಗೆಗಟ್ಟಲೆ ತಂದಿದ್ದರು. ಮಡಕೆ ಚೂರು, ಕಪ್ಪೆಚಿಪ್ಪಿನ ಮಣಿ, ಶಂಖ, ಕಲ್ಲಿನ ಕೊಡಲಿ. ತಂದದ್ದಕ್ಕೆಲ್ಲ ತಮ್ಮ ಕೈಯಾರೆ ದಪ್ಪಗೆ ವಾರ್ನಿಷ್ ಬಳಿದಿದ್ದರು. ಪ್ರಾಯಶಃ ಹಲ್ಲಿನ ಮೇಲೆ ತೋರಿಸಲಾಗದ ಉತ್ಸಾಹ ಅದು. ಅವರು ತೀರಿಕೊಂಡ ಮೇಲೆ ಮಕ್ಕಳು ಎಲ್ಲವನ್ನೂ ಆ ದ್ವೀಪದ ಮ್ಯೂಸಿಯಂಗೆ ಹಿಂದಿರುಗಿಸಲು ಒಪ್ಪಿದ್ದರು. ಒಂದೇ ಷರತ್ತು: ನಮ್ಮ ಲ್ಯಾಬಿನಲ್ಲಿ ವಸ್ತುವಿಗೆ ಏನಾದರೂ ಹಾನಿಯಾದರೆ ಆ ವಸ್ತು ಅವರ ಮನೆಗೇ ವಾಪಸು ಹೋಗಬೇಕು. ದೊಡ್ಡ ಮಗನಿಗೆ ಕೊಡಲು ಅಷ್ಟೇನೂ ಮನಸ್ಸಿರಲಿಲ್ಲ, ನೆವ ಸಿಕ್ಕರೆ ಸಾಕು ಎಂದು ಕಾಯುತ್ತಿದ್ದ.

ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಮೂರು ಮೊನೆಯ ಕಲ್ಲು. ಅಂಗೈ ಅಗಲದ್ದು, ಎರಡು ಬದಿಗೆ ಎರಡು ಮೊನೆ, ಮೇಲಕ್ಕೊಂದು. ಯುರೋಪಿನವರು ಕಾಲಿಡುವ ಮೊದಲು ಆ ದ್ವೀಪಗಳಲ್ಲಿದ್ದ ಜನ ಇಂಥವನ್ನು ಕೆತ್ತಿ ದೈವವೆಂದು ಇಟ್ಟುಕೊಳ್ಳುತ್ತಿದ್ದರು. ನಾನು ಮೊದಲ ಸಲ ನೋಡಿದಾಗ ವಾರ್ನಿಷ್ ಬಿಗಿದು ಕಂದು ಬಣ್ಣಕ್ಕೆ ತಿರುಗಿ, ಬೇಕರಿಯ ಪಫ್ಸ್ ಹಾಗೆ ಕಾಣುತ್ತಿತ್ತು.

ದ್ವೀಪದ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು ಮಿಸ್ ಡೋರಿಸ್. ಎಂಬತ್ತರ ಹತ್ತಿರದ ಹೆಂಗಸು, ತೆಳ್ಳಗೆ, ಕಿವಿಯಲ್ಲಿ ದೊಡ್ಡ ಬಂಗಾರದ ಓಲೆ. ವೀಡಿಯೊ ಕಾಲ್‌ನಲ್ಲಿ ಬಂದಾಗಲೆಲ್ಲ ಅವರ ಹಿಂದೆ ಕೋಳಿ ಕೂಗುತ್ತಿತ್ತು. ಮೊದಲ ಕಾಲ್‌ನಲ್ಲೇ ಶಂಖ ನೋಡಿ, ‘ಊದಿ ನೋಡಿದ್ರಾ?’ ಎಂದು ಕೇಳಿದರು. ನೈಜೆಲ್ ಎದೆಯ ಮೇಲೆ ಗ್ಲೌಸಿನ ಕೈ ಇಟ್ಟುಕೊಂಡು, ಅಂಥ ಅನಾಹುತ ತನ್ನ ಲ್ಯಾಬಿನಲ್ಲಿ ಎಂದೂ ನಡೆಯದು ಎಂದ. ಪ್ರದೀಪ ಸೂರು ನೋಡುತ್ತಿದ್ದ. ಹಿಂದಿನ ದಿನ ಮಧ್ಯಾಹ್ನ ನೈಜೆಲ್ ಹೊರಗೆ ಹೋಗಿದ್ದಾಗ ಕೇಳಿಸಿದ್ದು ಟ್ರಕ್ಕಿನ ಹಾರ್ನ್ ಅಲ್ಲವೆಂದು ನನಗೆ ಆಗ ಹೊಳೆಯಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಆ ವರ್ಷ ಲ್ಯಾಬಿನಲ್ಲಿ ಮುಟ್ಟಿದ್ದೆಲ್ಲ ಕೆಡುತ್ತಿತ್ತು. ಫ್ರೀಜರ್ ನಿಂತಿತು, ಪ್ರದೀಪನ ಸರ್ವರ್ ನಿಂತಿತು, ಫೋರ್ಕ್‌ಲಿಫ್ಟ್ ಮೇಲೆ ಹೋದದ್ದು ಕೆಳಗೆ ಬರಲಿಲ್ಲ.

‘ಆಂಟಿ, ಪೂಜೆ ಮಾಡ್ಬಿಡೋಣ. ಬೆಂಗಳೂರಲ್ಲಿ ನಮ್ಮಾಫೀಸಲ್ಲಿ ಲಿಫ್ಟ್‌ಗೂ ಮಾಡ್ತಿದ್ವಿ’ ಎಂದ ಪ್ರದೀಪ.

ನೈಜೆಲ್ ಬೇಡವೆನ್ನುತ್ತಾನೆ ಎಂದುಕೊಂಡಿದ್ದೆ. ಅವನು ಯಾವುದರಿಂದ ಏನು ಅಪಾಯವೆಂದು ಪಟ್ಟಿ ಹಾಕಿ ರಿಸ್ಕ್ ಅಸೆಸ್‌ಮೆಂಟ್ ಮಾಡಿಕೊಂಡು ಬಂದ. ಪೂಜೆ ಲ್ಯಾಬಿನ ಒಳಗಲ್ಲ, ಹೊರಗೆ ಸಾಮಾನು ಇಳಿಸುವ ಲೋಡಿಂಗ್ ಡಾಕ್‌ನಲ್ಲಿ. ಊದುಬತ್ತಿಗೆ ಪಕ್ಕದಲ್ಲೇ ಬೆಂಕಿ ಆರಿಸುವ ಸಿಲಿಂಡರ್. ಚಕ್ರದಡಿ ನಿಂಬೆಹಣ್ಣು: ಜಾರುವ ಅಪಾಯ, ಮಧ್ಯಮ. ಕುಂಕುಮ ಸಿಡ್ನಿಯಿಂದ ಬಂದಿತ್ತು. ಪೆಂಡಲ್ ಹಿಲ್‌ನಲ್ಲಿರುವ ನಮ್ಮ ನಾದಿನಿ ಪ್ರತಿ ಹಬ್ಬಕ್ಕೂ ಕಳಿಸುವ ಕಡುಗೆಂಪು ಪ್ಯಾಕೆಟ್. ಅರಿಶಿನ ತರುವ ಹೊಣೆ ಪ್ರದೀಪನದು. ಅವನು ವಡೆ ತಂದಿದ್ದ, ಅರಿಶಿನ ಮನೆಯಲ್ಲೇ ಮರೆತಿದ್ದ. ‘ಬರೀ ಕುಂಕುಮ ಸಾಕು ಆಂಟಿ, ದೇವರು ಅಡ್ಜಸ್ಟ್ ಮಾಡ್ಕೊತಾನೆ’ ಎಂದ.

ಮೈಕ್ರೋಸ್ಕೋಪಿಗೆ, ವ್ಯಾಕ್ಯೂಮ್ ಕ್ಲೀನರ್‌ಗೆ, ಟ್ರಾಲಿಗೆ ಕುಂಕುಮ ಹಚ್ಚಿದೆವು. ಫೋರ್ಕ್‌ಲಿಫ್ಟಿನ ಲೈಸೆನ್ಸ್ ಇದ್ದದ್ದು ನೈಜೆಲ್‌ಗೆ ಮಾತ್ರ, ಹೆಲ್ಮೆಟ್ ಹಾಕಿಕೊಂಡು ಗಂಭೀರವಾಗಿ ನಿಂಬೆಹಣ್ಣಿನ ಮೇಲೆ ಹತ್ತಿಸಿದ. ಒಂದು ಹಣ್ಣು ಚಿಮ್ಮಿ ಅವನ ಕನ್ನಡಕಕ್ಕೇ ಬಡಿಯಿತು. ಪ್ರದೀಪ ಬೂದಗುಂಬಳಕಾಯಿಗೆ ಕುಂಕುಮ ತುಂಬಿ ಒಡೆದಾಗ ಅದರ ಕೆಂಪು ನೀರು ಡ್ರೈವ್‌ವೇ ದಾಟಿ ಹರಿಯಿತು. ಪಕ್ಕದ ಟೈಲ್ಸ್ ಅಂಗಡಿಯವನು ಫೋನ್ ಮಾಡಿ, ಆಂಬುಲೆನ್ಸ್ ಕರೆಯಬೇಕೇ ಎಂದು ವಿಚಾರಿಸಿದ. ಫ್ರೀಜರ್ ಮಾತ್ರ ಅವತ್ತೇ ಸರಿಹೋಯಿತು, ಯಾರು ಏನಾದರೂ ಅನ್ನಲಿ.

ಮುಂದಿನ ವಾರ ನೈಜೆಲ್ ಮೂರು ಮೊನೆಯ ಕಲ್ಲನ್ನು ಕೈಗೆತ್ತಿಕೊಂಡ. ಮೇಲಿನ ಮೊನೆಯಲ್ಲಿ ವಾರ್ನಿಷ್ ಸ್ವಲ್ಪ ಉದುರಿತ್ತು. ಅಲ್ಲಿ ಹತ್ತಿ ಸುತ್ತಿದ ಕಡ್ಡಿಯನ್ನು ಒಂದು ಸಲ ಆಡಿಸಿದ. ಹತ್ತಿ ಕೆಂಪಾಯಿತು. ಕಡ್ಡಿಯನ್ನು ಹಾಗೇ ಎತ್ತಿ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದ.

‘ವಸು, ಇದು ನಿಮ್ಮದು.’

ಅವನ ಲೆಕ್ಕದಲ್ಲಿ ಅದು ನಮ್ಮ ಆಯುಧಪೂಜೆಯ ಕುಂಕುಮ. ಪೂಜೆ ಹೊರಗೆ ನಡೆದಿತ್ತು, ಕಲ್ಲು ಒಳಗೆ ಪೆಟ್ಟಿಗೆಯಲ್ಲಿತ್ತು, ನಿಜ. ಆದರೆ ಟ್ರಾಲಿಯ ಹಿಡಿಗೆ ಕುಂಕುಮ ಇತ್ತು. ಅದೇ ಟ್ರಾಲಿಯಲ್ಲಿ ಪೆಟ್ಟಿಗೆ ಓಡಾಡಿತ್ತು. ಅದಕ್ಕಿಂತ ಹೆಚ್ಚಾಗಿ ನಾನು ಕಾಯಿತುರಿ ವಸು. ನನ್ನ ಮಾತು ಯಾರು ಕೇಳುತ್ತಾರೆ? ಸೋಮವಾರ ಡಾಕ್ಟರ ಮಕ್ಕಳು ಬಂದು ನೋಡಿ ಸಹಿ ಹಾಕಬೇಕಿತ್ತು. ಲ್ಯಾಬಿನಲ್ಲಿ ಕಲ್ಲಿಗೆ ಬಣ್ಣ ಹತ್ತಿದೆ ಎಂದು ದೊಡ್ಡ ಮಗನಿಗೆ ಗೊತ್ತಾದರೆ ಮುಗಿಯಿತು, ಕಲ್ಲು ಮತ್ತೆ ಅವನ ಮನೆಯ ಟಿವಿ ಪಕ್ಕಕ್ಕೆ.

ನೈಜೆಲ್ ದನಿ ತಗ್ಗಿಸಿದ. ‘ನಾನು ಯಾರಿಗೂ ಹೇಳಲ್ಲ. ವಾರ್ನಿಷ್ ಹೇಗೂ ತೆಗೀಬೇಕು. ಅದರ ಜೊತೆ ಇದೂ ಹೋಗುತ್ತೆ. ಶುಕ್ರವಾರದೊಳಗೆ ಕ್ಲೀನ್. ಕಲ್ಲು ಅದರ ಊರು ಸೇರುತ್ತೆ, ನೀವು ನೆಮ್ಮದಿಯಾಗಿ ರಿಟೈರ್ ಆಗಿ.’

ಇದರಲ್ಲಿ ಬೇಡವೆನ್ನಲು ಏನಿದೆ? ಪ್ರದೀಪನೂ ಅದನ್ನೇ ಹೇಳಿದ. ‘ಒರೆಸ್ಬಿಡಿ ಆಂಟಿ, ಯಾಕೆ ಸುಮ್ನೆ ತಲೆನೋವು. ನನಗೆ ಇನ್ನೂ ಇಪ್ಪತ್ತು ವರ್ಷ ಲೋನ್ ಇದೆ.’

ಒರೆಸಲೆಂದೇ ಕೂತೆ. ಗ್ಲೌಸ್ ಹಾಕಿಕೊಂಡೆ, ಹತ್ತಿ ಸುತ್ತಿಕೊಂಡೆ, ಭೂತಗನ್ನಡಿ ಎಳೆದುಕೊಂಡೆ. ನೋಡಿದರೆ ಕೆಂಪಿನ ಅಂಚಿನಲ್ಲಿ ಹಳದಿ. ಕೆಂಪಿನ ಬೊಟ್ಟು ಹಳದಿಯ ಮೇಲೆ ಸರಿಯಾಗಿ ನಡುವೆ ಕೂತಿತ್ತು. ಅಕಸ್ಮಾತ್ತಾಗಿ ತಗುಲಿದ್ದಲ್ಲ, ಯಾರೋ ಮೊದಲು ಅರಿಶಿನ ಬಳಿದು, ಅದರ ಮೇಲೆ ಬೆರಳಿಂದ ಇಟ್ಟದ್ದು. ನಮ್ಮಮ್ಮ ಹೊಸ್ತಿಲಿಗೆ ಇಡುತ್ತಿದ್ದುದು ಹೀಗೇ.

‘ಪ್ರದೀಪ, ಬಾ ಇಲ್ಲಿ. ಅವತ್ತು ಅರಿಶಿನ ತಂದಿದ್ದೆಯೇನೋ?’

‘ಇಲ್ಲ ಆಂಟಿ, ಎಷ್ಟು ಸಲ ಬೈತೀರ. ನಮ್ಮನೆ ಡೈನಿಂಗ್ ಟೇಬಲ್ ಮೇಲೇ ಇತ್ತು ಅಂದ್ನಲ್ಲ.’

‘ಸರಿಯಾಗಿ ಯೋಚನೆ ಮಾಡಿ ಹೇಳು.’

‘ನನ್ನ ಹೆಂಡ್ತಿನ ಕೇಳಿ. ಅವಳು ಇನ್ನೂ ಮರೆತಿಲ್ಲ.’

ನನ್ನ ಕೈಯಲ್ಲಿದ್ದ ಹತ್ತಿ ಕಡ್ಡಿ ಕೆಳಗಿಟ್ಟೆ. ಒಬ್ಬ ಗಂಡಸಿನ ಮರೆವಿನಿಂದ ನನಗೆ ಇಷ್ಟು ಸಂತೋಷವಾದದ್ದು ಅದೇ ಮೊದಲು.

ನೈಜೆಲ್‌ಗೆ ಹೇಳಿದರೆ ಅವನು ಒಪ್ಪಲಿಲ್ಲ. ಹಳದಿ ವಾರ್ನಿಷ್‌ನದೇ ಇರಬಹುದು ಎಂದ. ಸರಿ, ದೀಪ ಹಾಕಿ ನೋಡೋಣ ಎಂದೆ. ನಮ್ಮಲ್ಲಿ ಅಲ್ಟ್ರಾವಯೊಲೆಟ್ ದೀಪವೊಂದಿದೆ. ಕತ್ತಲೆ ಕೋಣೆಯಲ್ಲಿ ಅದನ್ನು ಹಾಕಿದರೆ ಬೇರೆ ಬೇರೆ ವಸ್ತು ಬೇರೆ ಬೇರೆ ಬಣ್ಣಕ್ಕೆ ಹೊಳೆಯುತ್ತವೆ. ಒಂದು ಗಾಜಿನ ಚೂರಿನ ಮೇಲೆ ಪೆಂಡಲ್ ಹಿಲ್ ಕುಂಕುಮ ಹಚ್ಚಿ ಕಲ್ಲಿನ ಪಕ್ಕದಲ್ಲಿಟ್ಟೆ. ಮೂವರೂ ಕೋಣೆ ಸೇರಿ ಬಾಗಿಲು ಹಾಕಿದೆವು.

ದೀಪ ಹಾಕಿದ ಕೂಡಲೇ ನಮ್ಮ ನಾದಿನಿಯ ಕುಂಕುಮ ಗುಲಾಬಿ ಬಣ್ಣಕ್ಕೆ ಧಗ್ಗೆಂದು ಹೊಳೆಯಿತು. ಏನು ಬಣ್ಣ ಬೆರೆಸಿರುತ್ತಾರೋ, ಇಡೀ ಕೋಣೆ ಆರ್ಕೆಸ್ಟ್ರಾ ಸ್ಟೇಜಿನ ಹಾಗಾಯಿತು. ಪ್ರದೀಪನ ಹಣೆಯ ಮೇಲೆ, ಅಂಗಿಯ ಜೇಬಿನ ಮೇಲೆ, ನನ್ನ ಕನ್ನಡಕದ ಕಾಲಿನ ಮೇಲೆ, ಎಲ್ಲಕ್ಕಿಂತ ಚೆನ್ನಾಗಿ ನೈಜೆಲ್‌ನ ಎಡಗಿವಿಯ ಮೇಲೆ ಗುಲಾಬಿ ಬೊಟ್ಟುಗಳು ಮಿನುಗುತ್ತಿದ್ದವು. ಪೂಜೆಯಾಗಿ ವಾರ ಕಳೆದಿತ್ತು. ಅವನು ಅದೇ ಕಿವಿ ಇಟ್ಟುಕೊಂಡು ಎಷ್ಟು ಮೀಟಿಂಗ್ ಮಾಡಿದ್ದನೋ.

ಕಲ್ಲು ಮಾತ್ರ ತಣ್ಣಗೆ ಕೂತಿತ್ತು. ಅದರ ಕೆಂಪು ಹೊಳೆಯಲೇ ಇಲ್ಲ. ವಾರ್ನಿಷ್ ಮಂಜಿನ ಹಾಗೆ ಮಸುಕಾಗಿ ಹೊಳೆಯುತ್ತಿತ್ತು. ಆ ಮಂಜು ಎಲ್ಲೂ ಬಿರುಕು ಬಿಡದೆ ಮುಚ್ಚಿಕೊಂಡಿದ್ದ ಜಾಗದಲ್ಲೂ, ಅದರ ಕೆಳಗೆ, ಕಪ್ಪಗೆ ಸಾಲಾಗಿ ಬೊಟ್ಟುಗಳಿದ್ದವು. ಡಾಕ್ಟರು ವಾರ್ನಿಷ್ ಬಳಿಯುವ ಮೊದಲೇ ಇದ್ದ ಕುಂಕುಮ ಅದು. ಅಂದರೆ ನಾವ್ಯಾರೂ ಈ ದೇಶಕ್ಕೆ ಬರುವುದಕ್ಕೆ ಎಷ್ಟೋ ಮೊದಲಿನದು.

ನೈಜೆಲ್ ದೀಪವನ್ನು ಇನ್ನೂ ಹತ್ತಿರ ಹಿಡಿದು ಬೊಟ್ಟುಗಳನ್ನು ಒಂದೊಂದಾಗಿ ಎಣಿಸಿದ. ಆಮೇಲೆ, ‘ನಾವು ಅದನ್ನು ಒರೆಸಿಬಿಟ್ಟಿದ್ದರೆ’ ಎಂದು ಅಷ್ಟಕ್ಕೇ ನಿಲ್ಲಿಸಿದ.

‘ಕಿವಿ ಒರೆಸ್ಕೊಳ್ಳಿ ಮೊದಲು’ ಎಂದೆ.

ಆದರೂ ಒಂದು ಪ್ರಶ್ನೆ ಉಳಿಯಿತು. ಕೆರಿಬಿಯನ್ ದ್ವೀಪದ ಕಲ್ಲಿಗೆ ಅರಿಶಿನ ಕುಂಕುಮ ಎಲ್ಲಿಂದ ಬಂತು? ಮರುದಿನ ಬೆಳಿಗ್ಗೆ ಮಿಸ್ ಡೋರಿಸ್‌ಗೆ ಕಾಲ್ ಮಾಡಿದೆವು. ಅಲ್ಲಿ ಸಂಜೆ. ಕೋಳಿಗೆ ಅದೆಲ್ಲ ಗೊತ್ತಿಲ್ಲ, ಕೂಗುತ್ತಲೇ ಇತ್ತು. ನಾನು ಕ್ಯಾಮೆರಾದ ಮುಂದೆ ಕಲ್ಲಿನ ಮೇಲಿನ ಮೊನೆ ಹಿಡಿದು, ‘ನಿಮ್ಮ ಕಡೆ ಯಾರಾದ್ರೂ ಕಲ್ಲಿಗೆ ಕೆಂಪು ಬೊಟ್ಟು ಇಡ್ತಿದ್ರಾ?’ ಎಂದು ಕೇಳಿದೆ.

ಅವರು ಪರದೆಯ ಹತ್ತಿರ ಬಂದರು. ಎಷ್ಟು ಹತ್ತಿರವೆಂದರೆ ನಮಗೆ ಬರೀ ಒಂದು ಓಲೆ ಕಾಣುತ್ತಿತ್ತು.

‘ಮಗಳೇ, ಕೆಂಪಿನ ಕೆಳಗೆ ಹಳದಿ ಇದೆಯಾ?’

‘ಇದೆ.’

ಅವರು ಕುರ್ಚಿಯ ಮೇಲೆ ಕೂತುಬಿಟ್ಟರು. ‘ಅದು ನಮ್ಮಜ್ಜಿಯ ದೇವಿ’ ಎಂದರು.

ಮಿಸ್ ಡೋರಿಸರ ಅಜ್ಜಿಯ ತಾಯಿ ಕಬ್ಬಿನ ತೋಟದ ಕೂಲಿಗೆಂದು ಹಡಗು ಹತ್ತಿ ಭಾರತದಿಂದ ಬಂದವಳಂತೆ. ಯಾವ ಊರು, ಯಾವ ಭಾಷೆ ಯಾರಿಗೂ ನೆನಪಿಲ್ಲ. ಕಬ್ಬಿನ ಗದ್ದೆಯಲ್ಲಿ ಅಗೆಯುವಾಗ ಈ ಕಲ್ಲು ಸಿಕ್ಕಿತು. ದೇವಿಯೇ ಹುಡುಕಿಕೊಂಡು ಬಂದಿದ್ದಾಳೆಂದು ಮನೆಯ ಹಿಂದಿನ ಮರದಡಿ ಇಟ್ಟಳು. ಅವಳ ನಂತರ ಮಗಳು, ಅಂದರೆ ಈ ಅಜ್ಜಿ, ಪ್ರತಿ ಬೆಳಿಗ್ಗೆ ಅರಿಶಿನ ಕುಂಕುಮ ಇಟ್ಟಳು. ಮಿಸ್ ಡೋರಿಸ್ ಮಗುವಾಗಿದ್ದಾಗ ಕಲ್ಲಿನ ತಲೆ ಯಾವಾಗಲೂ ಕೆಂಪಗಿತ್ತು.

‘ಆಮೇಲೆ ನಮ್ಮ ಮಾವನಿಗೆ ಹಲ್ಲುನೋವು ಬಂತು’ ಎಂದರು ಅವರು.

ಮಾವನ ಕೈಯಲ್ಲಿ ಕಾಸಿರಲಿಲ್ಲ. ಹಲ್ಲು ಕಿತ್ತ ಆಸ್ಟ್ರೇಲಿಯಾದ ಡಾಕ್ಟರು ಮರದಡಿಯ ಕಲ್ಲು ನೋಡಿ, ಅದೇ ಕೊಡು ಸಾಕು ಎಂದರು. ಮಾವ ಕೊಟ್ಟುಬಿಟ್ಟ. ಅಜ್ಜಿ ಸಾಯುವವರೆಗೂ ಅವನ ಜೊತೆ ಮಾತಾಡಲಿಲ್ಲವಂತೆ. ‘ಸಾಲದ್ದಕ್ಕೆ ಡಾಕ್ಟರು ಕಿತ್ತಿದ್ದು ಬೇರೆ ಹಲ್ಲು’ ಎಂದರು ಮಿಸ್ ಡೋರಿಸ್. ನಾವು ನಗಬೇಕೋ ಬೇಡವೋ ತಿಳಿಯದೆ ಕೂತಿದ್ದೆವು. ಅವರೇ ಮೊದಲು ನಕ್ಕರು, ಓಲೆಯೆಲ್ಲ ಅಲ್ಲಾಡುವ ಹಾಗೆ. ನಗುತ್ತಲೇ ಕಣ್ಣು ಒರೆಸಿಕೊಂಡರು.

‘ಮೊದಲೇ ಯಾಕೆ ಹೇಳಲಿಲ್ಲ?’ ಎಂದು ನೈಜೆಲ್ ಕೇಳಿದ.

‘ನೀವು ಕಳಿಸಿದ ಫೋಟೋದಲ್ಲಿ ಕಂದು ಬಣ್ಣದ ಹೊಳೆಯೋ ಕಲ್ಲಿತ್ತು. ಇಂಥವು ನಮ್ಮ ದ್ವೀಪದಲ್ಲಿ ಬಹಳ ಸಿಕ್ಕಿವೆ. ನಮ್ಮದು ತಲೆ ಕೆಂಪಗಿದ್ದದ್ದು. ಬೊಟ್ಟಿಲ್ಲದೆ ನಾನು ಅವಳನ್ನ ಹೇಗೆ ಗುರುತು ಹಿಡೀಲಿ?’

ಶುಕ್ರವಾರದೊಳಗೆ ಕ್ಲೀನ್ ಆಗಿದ್ದರೆ ಕಲ್ಲು ಅವರ ಮ್ಯೂಸಿಯಂ ಸೇರುತ್ತಿತ್ತು, ಅವರೇ ದಿನಾ ಅದರ ಗಾಜು ಒರೆಸುತ್ತಿದ್ದರು, ಅದು ಯಾರೆಂದು ಎಂದೂ ತಿಳಿಯುತ್ತಿರಲಿಲ್ಲ. ನಾವೆಲ್ಲ ಕೆಲಸ ಚೆನ್ನಾಗಿ ಆಯಿತೆಂದು ಕೇಕ್ ತಿನ್ನುತ್ತಿದ್ದೆವು.

ಸೋಮವಾರ ಡಾಕ್ಟರ ಮಕ್ಕಳು ಬಂದರು. ನೈಜೆಲ್ ಅವರನ್ನು ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ದೀಪ ಹಾಕಿ, ಯಾವುದು ನಮ್ಮ ಕುಂಕುಮ, ಯಾವುದು ಅಜ್ಜಿಯದು ಎಂದು ತಾನೇ ವಿವರಿಸಿದ. ಬೇರೆ ಹಲ್ಲಿನ ಕಥೆಯನ್ನೂ ಬಿಡಲಿಲ್ಲ. ದೊಡ್ಡ ಮಗ ಪೂರ್ತಿ ಕೇಳಿಸಿಕೊಂಡು, ‘ನಾನು ಚಿಕ್ಕವನಿದ್ದಾಗ ಅಪ್ಪ ನನಗೂ ಹೀಗೇ ಮಾಡಿದ್ರು’ ಎಂದು ಕೆನ್ನೆ ಹಿಡಿದುಕೊಂಡೇ ಸಹಿ ಹಾಕಿದ.

ವಾರ್ನಿಷ್ ಅನ್ನು ಬಣ್ಣವಿಲ್ಲದ ಕಡೆ ಮಾತ್ರ ತೆಗೆದೆವು. ಬೊಟ್ಟುಗಳನ್ನು ಮುಟ್ಟಲಿಲ್ಲ. ನನ್ನ ವೃತ್ತಿಯಲ್ಲಿ ಅತ್ಯಂತ ಕಷ್ಟಪಟ್ಟು ಏನೂ ಮಾಡದೆ ಬಿಟ್ಟ ಜಾಗ ಅದು.

ಕಲ್ಲು ದ್ವೀಪ ತಲುಪಿದ ದಿನ ಮಿಸ್ ಡೋರಿಸ್ ಕಾಲ್ ಮಾಡಿ, ಪೆಟ್ಟಿಗೆ ತೆರೆಯುವುದನ್ನು ನಮಗೆ ತೋರಿಸಿದರು. ಸಣ್ಣ ಮ್ಯೂಸಿಯಂ ತುಂಬ ಜನ. ಅವರು ಕಲ್ಲನ್ನು ಎತ್ತಿ ಮೇಜಿನ ಮೇಲಿಟ್ಟು, ಎರಡು ಬಟ್ಟಲು ಹತ್ತಿರ ಎಳೆದುಕೊಂಡರು. ಕೈಯಲ್ಲಿ ಗ್ಲೌಸ್ ಇರಲಿಲ್ಲ. ನೈಜೆಲ್ ನನ್ನ ಪಕ್ಕದಲ್ಲಿ ಕುರ್ಚಿಯಿಂದ ಅರ್ಧ ಎದ್ದ. ನಾನು ಅವನ ತೋಳು ಹಿಡಿದು ಕೂರಿಸಿದೆ.

‘ಕಲ್ಲಿನ ಹಿಂಬದಿಗೆ ಇಡ್ತೀನಿ ಮಗಳೇ, ಅಜ್ಜಿಯದು ಹಾಗೇ ಇರಲಿ’ ಎಂದರು ಮಿಸ್ ಡೋರಿಸ್. ‘ಕೆತ್ತಿದವರು ಈ ದ್ವೀಪದ ಮೊದಲಿನವರು, ಅಲಂಕಾರ ಮಾಡಿದವಳು ನಮ್ಮಜ್ಜಿ. ಇಬ್ಬರದೂ ಇರಲಿ.’ ಮೊದಲು ಅರಿಶಿನ ಬಳಿದರು. ಆಮೇಲೆ ಕುಂಕುಮ ಮುಟ್ಟಿ, ಕಣ್ಣು ಮುಚ್ಚಿ, ಒಂದು ಬೊಟ್ಟು ಇಟ್ಟರು. ಭಾಷೆ ಹೋಗಿತ್ತು, ಊರಿನ ಹೆಸರೂ ಹೋಗಿತ್ತು, ಬೆರಳಿಗೆ ಮಾತ್ರ ನೆನಪಿತ್ತು. ನಾನು ಅತ್ತೆ. ಪ್ರದೀಪ ಕೂಡ ಅತ್ತ, ಕೇಳಿದರೆ ಹೂವಿನ ಪರಾಗದ ಅಲರ್ಜಿ, ಹೇ ಫೀವರ್ ಎಂದ.

ನೈಜೆಲ್ ಪರದೆಯ ಮೇಲೇ ಕಣ್ಣಿಟ್ಟಿದ್ದ. ‘ಅವರು ಇಟ್ಟದ್ದು ಯಾವ ಬೆರಳಲ್ಲಿ?’ ಎಂದು ಮೆಲ್ಲಗೆ ಕೇಳಿದ.

‘ಉಂಗುರದ ಬೆರಳು. ಬಲಗೈದು. ನಾವೂ ಅದರಲ್ಲೇ ಇಡೋದು.’

ಅವನು ತನ್ನ ಬಲಗೈ ನೋಡಿಕೊಂಡ. ಎದ್ದು ತನ್ನ ಟೇಬಲ್ಲಿಗೆ ಹೋದ.

ಪ್ರತಿ ವಸ್ತುವಿನ ಜೊತೆ ಅದನ್ನು ಹೇಗೆ ಮುಟ್ಟಬೇಕೆಂಬ ಸೂಚನೆಯೊಂದನ್ನು ಮುಖ್ಯಸ್ಥ ಬರೆದು ಕಳಿಸಬೇಕು. ಈ ಕಲ್ಲಿನದನ್ನು ಅವನು ಇನ್ನೂ ಕಳಿಸಿರಲಿಲ್ಲ. ಸಂಜೆ ಮನೆಗೆ ಹೊರಡುವಾಗ ಅದನ್ನು ನನ್ನ ಟೇಬಲ್ಲಿನ ಮೇಲೆ, ಓದಿ ನೋಡಲೆಂದು, ಇಟ್ಟು ಹೋಗಿದ್ದ. ಒಂದೇ ಸಾಲು: ಗ್ಲೌಸ್ ಕಡ್ಡಾಯ. ಬಲಗೈ ಉಂಗುರದ ಬೆರಳಿಗೆ ವಿನಾಯಿತಿ.